ಶಿಕ್ಷಕರ ಕೈಗೆ ಒಂದಿಷ್ಟು ಹಣ

ಸರ್ವ ಶಿಕ್ಷಣ ಅಭಿಯಾನದ ದಿನಗಳಲ್ಲಿ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಯಾರನ್ನೇ ಕೇಳಿ, ಟಿ.ಎಲ್.ಎಂ. ಹಣ ಅವರಿಗೆ ನೆನಪಿರುತ್ತದೆ. ಬೋಧನೋಪಕರಣ ಮಾಡಿಕೊಳ್ಳಲೆಂದು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ₹500 ಬರುತ್ತಿತ್ತು. ಅಭಿಯಾನ ಶುರುವಾದ 2001ರಲ್ಲಿ ಇದ್ದ ಆ ಮೊತ್ತ, ಶಿಕ್ಷಣ ಹಕ್ಕು ಕಾಯ್ದೆಗೆ ಹೊಂದುವಂತೆ 2011ರಲ್ಲಿ ನಿಯಮಾವಳಿ ಪರಿಷ್ಕರಿಸಿದಾಗಲೂ ಒಂದು ರೂಪಾಯಿ ಹೆಚ್ಚಲಿಲ್ಲ. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದಾಗ ಶಾಲೆಗೆ ಒಟ್ಟಾಗಿ ಒಂದೇ ಅನುದಾನ ಕೊಡುವ ಪದ್ಧತಿ ಜಾರಿಯಾಯಿತು. ನೂರರೊಳಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ₹25,000. ಮೂವತ್ತರೊಳಗಿದ್ದರೆ, ಆಮೇಲೆ ಬಂದ ತಿದ್ದುಪಡಿಯಂತೆ, ₹10,000. ನಲ್ಲಿ ರಿಪೇರಿ, ಸೀಮೆಸುಣ್ಣ, ಇಂಟರ್ನೆಟ್ಟು, ಆಟದ ಸಾಮಾನು ಎಲ್ಲವೂ ಅದರಲ್ಲೇ ಆಗಬೇಕು. ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಮೀಸಲು. ಪಟ್ಟಿಯಲ್ಲಿ ಬೋಧನೋಪಕರಣವೂ ಇದೆ, ನಿಜ. ಆದರೆ ನಲ್ಲಿ ರಿಪೇರಿ ಕಾಯುವುದಿಲ್ಲ, ಪಾಠ ಕಾಯುತ್ತದೆ.

ಆ ಐನೂರು ರೂಪಾಯಿ ಮೊತ್ತದಲ್ಲಿ ತೀರಾ ಸಣ್ಣದು. ಆದರೂ ಸರಕಾರಿ ಶಾಲೆಯ ಇಡೀ ಲೆಕ್ಕದಲ್ಲಿ, ಯಾವುದಕ್ಕೆ ಖರ್ಚು ಮಾಡಬೇಕೆಂದು ತರಗತಿಯ ಶಿಕ್ಷಕಿಯೇ ತೀರ್ಮಾನಿಸಬಹುದಾಗಿದ್ದ ಹಣ ಅದೊಂದೇ. ಪಠ್ಯಪುಸ್ತಕ, ವೇಳಾಪಟ್ಟಿ, ಪರೀಕ್ಷೆ, ತರಬೇತಿ ಎಲ್ಲವೂ ಮೇಲಿನಿಂದ ಬರುತ್ತವೆ. ತನ್ನ ಮುಂದೆ ಕೂತ ಮಕ್ಕಳಿಗೆ ಈ ವಾರ ಏನು ಬೇಕು ಎಂಬುದು ಗೊತ್ತಿರುವುದು ಅವಳೊಬ್ಬಳಿಗೆ, ಹಣದ ತೀರ್ಮಾನದಲ್ಲಿ ಮಾತ್ರ ಅವಳ ಮಾತಿಲ್ಲ. ಚಿಕ್ಕ ಮೊತ್ತವಾದರೂ ಸರಿ, ಶಿಕ್ಷಕರ ವಿವೇಚನೆಗೆ ಬಿಟ್ಟ ಹಣ ಪ್ರತಿ ತರಗತಿಗೂ ಇರಬೇಕು. ಬಹುಮಾನವಾಗಿ ಆಯ್ದ ಕೆಲವರಿಗೆ ಸಿಕ್ಕರೆ ಸಾಲದು, ಎಲ್ಲರಿಗೂ ಸಲ್ಲಬೇಕಾದ ಬಾಬ್ತಾಗಬೇಕು ಎಂಬುದು ನನ್ನ ವಾದ.

ಇಷ್ಟು ಹಣದಲ್ಲಿ ಏನಾದೀತು ಎಂದು ಕೇಳುವವರಿದ್ದಾರೆ. ಐದನೆಯ ತರಗತಿಯ ಶಿಕ್ಷಕಿಯೊಬ್ಬಳು ಊರ ಕೆರೆಯನ್ನೇ ಪಾಠ ಮಾಡಲು ಹೊರಟಳೆನ್ನಿ. ಮಕ್ಕಳು ಏರಿಯ ಉದ್ದ ಅಳೆಯಬೇಕು, ತೂಬಿನ ಚಿತ್ರ ಬರೆಯಬೇಕು, ಹಿಂದೆ ನೀರು ಹಂಚುತ್ತಿದ್ದ ನೀರುಗಂಟಿಯ ಮನೆಯವರನ್ನು ಮಾತಾಡಿಸಬೇಕು, ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿ ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನವೂ ಬರೆದಿಡಬೇಕು. ಇದರಲ್ಲಿ ಗಣಿತ, ವಿಜ್ಞಾನ, ಇತಿಹಾಸ, ಕನ್ನಡ ಎಲ್ಲವೂ ಇವೆ. ಬೇಕಾದದ್ದು ಒಂದು ಉದ್ದದ ಅಳತೆ ಟೇಪು, ಹಗ್ಗ, ಗ್ರಾಫ್ ಹಾಳೆ, ಬಣ್ಣ, ಮಕ್ಕಳು ಬರೆದದ್ದನ್ನು ಜೆರಾಕ್ಸ್ ಮಾಡಿ ಹೊಲಿದು ಮನೆಮನೆಗೆ ಒಂದೊಂದು ಪ್ರತಿ ಕೊಡುವಷ್ಟು ದುಡ್ಡು. ತಾಲ್ಲೂಕು ಕಚೇರಿಗೆ ಹೋಗಿ ಹಳೆಯ ನಕ್ಷೆ ನೋಡಿ ಬರುವುದಾದರೆ ಬಸ್ಸಿನ ಖರ್ಚು. 2023ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ಟಿಲ್ಲ, ಹುಡುಗರಿಗೆ ಇದೆ. ಎಲ್ಲ ಸೇರಿಸಿದರೂ ಎರಡು ಮೂರು ಸಾವಿರ ದಾಟುವುದು ಕಷ್ಟ. ಆದರೆ ಆ ಎರಡು ಮೂರು ಸಾವಿರಕ್ಕೆ ಶಾಲೆಯ ಲೆಕ್ಕದ ಪುಸ್ತಕದಲ್ಲಿ ತಲೆಬರಹವಿಲ್ಲ. ಇಂತಹ ಖರ್ಚಿಗೆ ಟೆಂಡರೂ ಇಲ್ಲ, ಮಂಜೂರಾತಿ ಆದೇಶವೂ ಇಲ್ಲ. ಹಾಗಾಗಿ ಎರಡರಲ್ಲೊಂದು ಆಗುತ್ತದೆ: ಅವಳು ಸ್ವಂತ ದುಡ್ಡು ಹಾಕುತ್ತಾಳೆ, ಇಲ್ಲವೇ ಕೆರೆ ಪಾಠಪುಸ್ತಕದ ಚಿತ್ರವಾಗಿಯೇ ಉಳಿಯುತ್ತದೆ.

ಸ್ವಂತ ದುಡ್ಡು ಹಾಕುವ ಶಿಕ್ಷಕರನ್ನು ನಾವು ಸೆಪ್ಟೆಂಬರ್ 5ರಂದು ಶಾಲು ಹೊದಿಸಿ ಹೊಗಳುತ್ತೇವೆ. ಅವರ ತ್ಯಾಗದ ಬಗ್ಗೆ ನನಗೆ ಗೌರವವಿದೆ, ಆ ಹೊಗಳಿಕೆಯ ಬಗ್ಗೆ ಇಲ್ಲ. ವೈದ್ಯರು ಹತ್ತಿ, ಬ್ಯಾಂಡೇಜು ಮನೆಯಿಂದ ತರಲಿ ಎಂದು ಯಾರೂ ಬಯಸುವುದಿಲ್ಲವಲ್ಲ. ಅದಕ್ಕಿಂತ ಮುಖ್ಯವಾಗಿ, ತಿಂಗಳ ಗೌರವಧನವನ್ನೇ ತಡವಾಗಿ ಪಡೆಯುವ ಅತಿಥಿ ಶಿಕ್ಷಕರಿಗೆ ಆ ತ್ಯಾಗ ಮಾಡುವ ಶಕ್ತಿಯೇ ಇರುವುದಿಲ್ಲ. ಎಷ್ಟೋ ಹಳ್ಳಿ ಶಾಲೆಗಳು ನಡೆಯುತ್ತಿರುವುದು ಅವರಿಂದ. ಹಾಗಾದರೆ ಒಂದು ಮಗುವಿಗೆ ಒಳ್ಳೆಯ ಪಾಠ ಸಿಗುವುದು ಅದರ ಶಿಕ್ಷಕಿಯ ಮನೆಯ ಅನುಕೂಲದ ಮೇಲೆ ನಿಂತಂತಾಯಿತು.

ಹಣದ ಬದಲು ಸಾಮಾನನ್ನೇ ಕೊಟ್ಟರಾಯಿತಲ್ಲ ಎಂಬ ಮಾತು ಹಳೆಯದು. 1987ರಲ್ಲಿ ಆರಂಭವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ದೇಶದ ಪ್ರಾಥಮಿಕ ಶಾಲೆಗಳಿಗೆ ಭೂಪಟ, ವಿಜ್ಞಾನದ ಪೆಟ್ಟಿಗೆ, ಆಟಿಕೆಗಳನ್ನು ಕಳಿಸಿತು. ಅನೇಕ ಶಾಲೆಗಳಲ್ಲಿ ಅವು ಬೀರುವಿನಲ್ಲೇ ಉಳಿದವು. ಶಿಕ್ಷಕರ ಸೋಮಾರಿತನ ಅದಕ್ಕೆ ಕಾರಣವೆಂದರೆ ಅನ್ಯಾಯ. ಕೇಳದೆ ಬಂದ ವಸ್ತು, ಒಡೆದರೆ ದಾಸ್ತಾನು ಪುಸ್ತಕದಲ್ಲಿ ಉತ್ತರ ಹೇಳಬೇಕಾದ ವಸ್ತು, ಮಕ್ಕಳ ಕೈಗೆ ಹೋಗುವುದು ಹೇಗೆ? ಇದಕ್ಕೆ ವಿರುದ್ಧವಾದ ದಾರಿಯನ್ನು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಹಿಡಿದಿತ್ತು. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ಆ ಪ್ರಯೋಗದಲ್ಲಿ ಸಾಮಾನು ಖರ್ಚಾಗುವುದೇ ಅದರ ಉಪಯೋಗವೆಂದು ತಿಳಿದು ಮತ್ತೆ ತುಂಬಿಕೊಡುವ ವ್ಯವಸ್ಥೆ ಮಾಡಿದ್ದರು. ಅಲ್ಲಿನ ಸರಕಾರ 2002ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿತು, ಆ ಮಾತು ಬೇರೆ.

ನಮ್ಮಲ್ಲೇ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿಯನ್ನು ಕಟ್ಟಿದರು. ಕಾರ್ಡು ಬರೆದವರು, ಹಾಡು ಕಟ್ಟಿದವರು, ಚಿತ್ರ ಬಿಡಿಸಿದವರು ಶಿಕ್ಷಕರೇ. ಮುಂದೆ 2009ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಅದು ಹರಡಿತು, ಕಾರ್ಡುಗಳು ಅಚ್ಚಾಗಿ ಬಂದವು. ಆ ವಿಸ್ತರಣೆಯಿಂದ ಲಾಭವಾಯಿತು, ಜೊತೆಗೆ ಒಂದು ನಷ್ಟವೂ ಆಯಿತೆಂದು ನನಗನಿಸುತ್ತದೆ. ಕಾರ್ಡು ಬರೆಯುತ್ತಿದ್ದ ಶಿಕ್ಷಕರ ಜಾಗದಲ್ಲಿ ಕಾರ್ಡು ಎಣಿಸಿಕೊಳ್ಳುವ ಶಿಕ್ಷಕರು ಬಂದರು. ತಮ್ಮ ಊರಿನ ಮಾತು, ತಮ್ಮ ಮಕ್ಕಳ ತೊಡಕು ನೋಡಿ ಹೊಸ ಕಾರ್ಡು ಮಾಡಿಕೊಳ್ಳಲು ರಟ್ಟು, ಬಣ್ಣ, ಲ್ಯಾಮಿನೇಷನ್ನಿನ ದುಡ್ಡು ಕೈಯಲ್ಲಿದ್ದಿದ್ದರೆ ಕೋಟೆಯ ಆ ಹುಮ್ಮಸ್ಸು ಇನ್ನಷ್ಟು ತಾಲ್ಲೂಕುಗಳಿಗೆ ತಲುಪಬಹುದಿತ್ತು.

ದುರುಪಯೋಗದ ಪ್ರಶ್ನೆಗೆ ಬರೋಣ, ಏಕೆಂದರೆ ಅಧಿಕಾರಿಗಳು ಮೊದಲು ಎತ್ತುವುದು ಅದನ್ನೇ. ಟಿ.ಎಲ್.ಎಂ. ಹಣದಲ್ಲಿ ಅಂಗಡಿಯ ರೆಡಿಮೇಡ್ ಚಾರ್ಟು ತಂದು, ಮಕ್ಕಳ ಕೈಗೆಟುಕದ ಎತ್ತರಕ್ಕೆ ನೇತುಹಾಕಿದ್ದು ಉಂಟು. ಥರ್ಮಾಕೋಲಿನ ಮಾದರಿ ಮೇಳಕ್ಕೊಮ್ಮೆ ಹೊರಬಂದು ಮತ್ತೆ ಮೂಲೆ ಸೇರಿದ್ದೂ ಉಂಟು. ಆದರೆ ಆ ಹಣ ಬರುತ್ತಿದ್ದ ಹೊತ್ತನ್ನು ನೋಡಿ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್ ಎರಡನೆಯ ವಾರಕ್ಕೆ ಶಾಲೆಗೆ ಬೇಸಿಗೆ ರಜೆ. ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಹಣ ಕೈಸೇರಿದರೆ, ವರ್ಷದ ಪಾಠ ಮುಗಿದಿರುತ್ತದೆ, ಬಳಕೆ ಪ್ರಮಾಣಪತ್ರ ಮಾತ್ರ ತಿಂಗಳೊಳಗೆ ಹೋಗಬೇಕು. ಆಗ ಬಿಲ್ಲು ಸಿಗುವ ಅಂಗಡಿಯಲ್ಲಿ ಬಿಲ್ಲು ಸಿಗುವ ಸಾಮಾನು ಕೊಳ್ಳುವುದೊಂದೇ ದಾರಿ. ಸಂತೆಯಲ್ಲಿ ಮಾರುವ ಮಣ್ಣಿನ ಮಡಕೆಗೆ, ಬಡಗಿ ಕೊಟ್ಟ ಮರದ ತುಂಡಿಗೆ ಯಾರು ಜಿ.ಎಸ್.ಟಿ. ಬಿಲ್ಲು ಕೊಡುತ್ತಾರೆ? ಸೃಜನಶೀಲ ಪಾಠಕ್ಕೆ ಬೇಕಾದ ಬಹುಪಾಲು ವಸ್ತುಗಳು ಬಿಲ್ಲಿಲ್ಲದ ಜಾಗದಲ್ಲೇ ಸಿಗುತ್ತವೆ. ನಿಯಮಗಳೇ ಹಣವನ್ನು ಚಾರ್ಟಿನ ಅಂಗಡಿಗೆ ದೂಡಿದ ಮೇಲೆ ಶಿಕ್ಷಕರಿಗೆ ಕಲ್ಪನೆಯಿಲ್ಲವೆಂದು ದೂರುವುದು ಸರಿಯಲ್ಲ.

ಸರಕಾರಕ್ಕೆ ನಂಬಿಕೆ ಇಡಲು ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಶಾಲಾ ವಿದ್ಯಾರ್ಥಿಯ ಹೊಸ ಯೋಚನೆಯೊಂದು ಆಯ್ಕೆಯಾದರೆ ಮಾದರಿ ಮಾಡಲು ₹10,000 ನೇರವಾಗಿ ಆ ಮಗುವಿನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅಟಲ್ ಟಿಂಕರಿಂಗ್ ಪ್ರಯೋಗಾಲಯಕ್ಕೆ ಆಯ್ಕೆಯಾದ ಶಾಲೆಗೆ ₹20 ಲಕ್ಷದವರೆಗೆ ಅನುದಾನವಿದೆ. ಆ ಪ್ರಯೋಗಾಲಯಗಳು ಬೇಡವೆಂದು ನಾನು ಹೇಳಲಾರೆ. ತ್ರೀ-ಡಿ ಮುದ್ರಣಯಂತ್ರ ಹಳ್ಳಿಯ ಮಗುವೂ ಮುಟ್ಟಬೇಕಾದದ್ದೇ. ಆದರೆ ತಲಾ ₹3,000ದಂತೆ ಹಂಚಿದರೆ ಅಂಥ ಒಂದು ಪ್ರಯೋಗಾಲಯದ ಹಣ 666 ಶಿಕ್ಷಕರಿಗೆ ಮುಟ್ಟುತ್ತದೆ. ಒಂದು ಲಕ್ಷ ಶಿಕ್ಷಕರಿಗೆ ಕೊಟ್ಟರೂ ವರ್ಷಕ್ಕೆ ₹30 ಕೋಟಿ.

ಸರಕಾರವನ್ನೇ ಏಕೆ ಕಾಯಬೇಕು, ದಾನಿಗಳಿಲ್ಲವೇ, ಸ್ಪರ್ಧೆ ಇಟ್ಟು ಒಳ್ಳೆಯ ಯೋಜನೆಗೆ ಕೊಡಲಿ ಎಂಬ ಸಲಹೆ ಆಕರ್ಷಕವಾಗಿದೆ. ಈ ದಾರಿಯಲ್ಲಿ ಅಮೆರಿಕ ನಮಗಿಂತ ಬಹಳ ಮುಂದೆ ನಡೆದಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶಿಕ್ಷಕರಾಗಿದ್ದ ಚಾರ್ಲ್ಸ್ ಬೆಸ್ಟ್ 2000ದಲ್ಲಿ ಡೋನರ್ಸ್‌ಚೂಸ್ ಸಂಸ್ಥೆ ಕಟ್ಟಿದರು. ಶಿಕ್ಷಕರು ತಮ್ಮ ತರಗತಿಗೆ ಬೇಕಾದದ್ದನ್ನು ಬರೆದು ಹಾಕುತ್ತಾರೆ, ಯಾರು ಬೇಕಾದರೂ ಕೊಡಬಹುದು, ಸಂಸ್ಥೆ ಸಾಮಾನು ಕೊಂಡು ಶಾಲೆಗೆ ಕಳಿಸುತ್ತದೆ. 2015ರಲ್ಲಿ ಹಾಸ್ಯನಟ ಸ್ಟೀಫನ್ ಕೋಲ್ಬೆರ್ ತಮ್ಮ ತವರು ಸೌತ್ ಕ್ಯಾರೊಲೈನಾ ರಾಜ್ಯದ ಶಿಕ್ಷಕರು ಅಲ್ಲಿ ಸಲ್ಲಿಸಿದ್ದ ಎಲ್ಲ ಬೇಡಿಕೆಗಳಿಗೂ ಹಣ ಒದಗಿಸಿದರು, ಸುಮಾರು 8 ಲಕ್ಷ ಡಾಲರ್. ಈ ಸಂಸ್ಥೆಯಿಂದ ಲಕ್ಷಾಂತರ ಮಕ್ಕಳಿಗೆ ಪುಸ್ತಕ, ವಾದ್ಯ, ಸೂಕ್ಷ್ಮದರ್ಶಕ ಸಿಕ್ಕಿವೆ. ಆದರೆ ಅದೇ ದೇಶದ ಸೌತ್ ಡಕೋಟಾದ ಸೂ ಫಾಲ್ಸ್ ನಗರದಲ್ಲಿ, 2021ರ ಡಿಸೆಂಬರಿನಲ್ಲಿ, ಐಸ್ ಹಾಕಿ ಪಂದ್ಯದ ವಿರಾಮದ ಹೊತ್ತು ಅಂಕಣದ ನಡುವೆ 5,000 ಒಂದು ಡಾಲರ್ ನೋಟುಗಳನ್ನು ಸುರಿದರು. ಹತ್ತು ಮಂದಿ ಶಿಕ್ಷಕರು ಮಂಡಿಯೂರಿ ತರಗತಿಯ ಖರ್ಚಿಗೆಂದು ಅವನ್ನು ಬಾಚಿ ಅಂಗಿಯೊಳಗೆ ತುರುಕಿಕೊಂಡರು. ಪ್ರೇಕ್ಷಕರು ಕೇಕೆ ಹಾಕಿದರು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಸಂಘಟಕರು ಕ್ಷಮೆ ಕೇಳಿದರು. ಕೊಡುವವರ ಮನಸ್ಸು ಕೆಟ್ಟದ್ದಿರಲಿಲ್ಲ. ಆದರೂ ಸಲ್ಲಬೇಕಾದದ್ದು ಸ್ಪರ್ಧೆಯ ವಸ್ತುವಾದಾಗ ಅದು ಎಲ್ಲಿಗೆ ಹೋಗಿ ಮುಟ್ಟಬಹುದೆಂದು ಆ ಸಂಜೆ ತೋರಿಸಿತು.

ಸ್ಪರ್ಧೆಗೆ ಇನ್ನೊಂದು ದೋಷವಿದೆ. ಅರ್ಜಿ ಚೆನ್ನಾಗಿ ಬರೆಯಬಲ್ಲವರು, ಇಂಗ್ಲಿಷ್ ಬಲ್ಲವರು, ಫೋಟೊ ತೆಗೆದು ಕಳಿಸಬಲ್ಲವರು ಗೆಲ್ಲುತ್ತಾರೆ. ಐದು ತರಗತಿಗಳನ್ನು ಒಬ್ಬಳೇ ನಿಭಾಯಿಸುತ್ತ, ಬಿಸಿಯೂಟದ ಲೆಕ್ಕವನ್ನೂ ಬರೆಯುವ ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ ಅರ್ಜಿಯನ್ನೇ ಹಾಕುವುದಿಲ್ಲ. ಅವಳ ಮಕ್ಕಳಿಗೇ ಆ ಹಣದ ಅಗತ್ಯ ಹೆಚ್ಚು. ಹಾಗಾಗಿ ಮೊದಲು ಎಲ್ಲರಿಗೂ ಸಮಾನವಾದ ಒಂದು ಮೊತ್ತ ಬರಲಿ, ಜೂನ್ ತಿಂಗಳಲ್ಲಿ, ಪಠ್ಯಪುಸ್ತಕದ ಜೊತೆಗೇ. ದೊಡ್ಡ ಯೋಚನೆ ಇರುವವರಿಗೆ ಹೆಚ್ಚುವರಿ ಹಣವೂ ಇರಲಿ. ಅದನ್ನು ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಶಿಕ್ಷಕರೇ ಕೂತು, ಒಬ್ಬರನ್ನೊಬ್ಬರು ಕೇಳಿ ಹಂಚಿಕೊಳ್ಳಲಿ. ಲೆಕ್ಕ ಬೇಡವೆಂದಲ್ಲ. ಬರೆದದ್ದು, ಮಾಡಿದ್ದು, ಖರ್ಚಾದದ್ದನ್ನು ಪಾಲಕರ ಸಭೆಯಲ್ಲಿ ಮಕ್ಕಳೇ ತೋರಿಸಿದರೆ ಅದಕ್ಕಿಂತ ಕಟ್ಟುನಿಟ್ಟಾದ ಲೆಕ್ಕಪರಿಶೋಧನೆ ಬೇಕಿಲ್ಲ. ಕೆಲವರ ಪ್ರಯತ್ನ ಸೋಲುತ್ತದೆ, ಮಳೆಮಾಪಕ ಗಾಳಿಗೆ ಉರುಳುತ್ತದೆ. ಆ ಸೋಲಿಗೆ ಶಿಸ್ತುಕ್ರಮದ ನೋಟಿಸು ಬರಬಾರದು.

ಇಲಾಖೆ ಇದನ್ನು ಮಾಡುವವರೆಗೆ ಕಾಯಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್.ಡಿ.ಎಂ.ಸಿ.) ಕೂರುವ ಪಾಲಕರಿಗೆ, ಹಳೆಯ ವಿದ್ಯಾರ್ಥಿಗಳ ಸಂಘಗಳಿಗೆ, ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿ ತಮ್ಮೂರ ಶಾಲೆಗೆ ಏನಾದರೂ ಮಾಡಬೇಕೆಂದಿರುವವರಿಗೆ ನನ್ನದೊಂದು ಕೋರಿಕೆ. ದಾನಿಯ ಹೆಸರು ಬರೆಸಿದ ಬೀರು, ಕುರ್ಚಿ ಕೊಡುವ ಮೊದಲು ಜೂನ್‌ನಲ್ಲಿ ಒಮ್ಮೆ ಶಾಲೆಗೆ ಹೋಗಿ. ಈ ವರ್ಷ ಮಕ್ಕಳೊಂದಿಗೆ ಏನು ಮಾಡಬೇಕೆಂದಿದ್ದೀರಿ ಎಂದು ಅಲ್ಲಿನ ಶಿಕ್ಷಕರನ್ನು, ಅತಿಥಿ ಶಿಕ್ಷಕರನ್ನೂ ಸೇರಿಸಿ, ಕೇಳಿ. ಒಬ್ಬೊಬ್ಬರ ಕೈಗೂ ಎರಡು ಮೂರು ಸಾವಿರ ರೂಪಾಯಿ ಕೊಟ್ಟು ಬನ್ನಿ. ಡಿಸೆಂಬರಿನಲ್ಲಿ ಮತ್ತೆ ಹೋಗಿ, ಮಕ್ಕಳು ಮಾಡಿದ್ದನ್ನು ಕೂತು ನೋಡಿ.