ತಿರಸ್ಕೃತರ ಪಟ್ಟಿಯನ್ನೂ ಕೇಳಿ

ಪುಣೆ ಸಮೀಪದ ಚಾಕಣ್‌ನಲ್ಲಿ ವಾಹನ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ನೇಮಕಾತಿಗೆ ಸಾಫ್ಟ್‌ವೇರ್ ಆರಿಸುವ ಹೊಣೆ ಈ ವರ್ಷ ನನ್ನದು. ಮಾರಲು ಬಂದವರೆಲ್ಲ ಹೇಳುವುದು ಒಂದೇ: 1,000 ಅರ್ಜಿಗಳನ್ನು ಕ್ಷಣದಲ್ಲಿ ಸೋಸಿ 10 ಕೊಡುತ್ತೇವೆ. ನಾನು ಕೇಳುವುದು ಉಳಿದ 990ರ ಲೆಕ್ಕ.

ಹಳೆಯ ಅರ್ಜಿಗಳಿಂದ ಕಲಿಯುವ ಯಂತ್ರ ಹಳೆಯ ಪಕ್ಷಪಾತವನ್ನೂ ಕಲಿಯುತ್ತದೆ. ಅಮೆಜಾನ್ ಪ್ರಯೋಗಿಸಿ ಕೈಬಿಟ್ಟ ಇಂಥದ್ದೊಂದು ವ್ಯವಸ್ಥೆ ‘ಮಹಿಳಾ’ ಎಂಬ ಪದವಿದ್ದ ರೆಸ್ಯೂಮೆಗಳನ್ನು ಹಿಂದಕ್ಕೆ ತಳ್ಳುತ್ತಿದ್ದುದು 2018ರಲ್ಲಿ ಬಯಲಾಯಿತು. ಹೊರನಾಡಿನಲ್ಲಿ ಕೆಲಸ ಹುಡುಕುವ ನಮ್ಮವರಿಗೆ ಸಣ್ಣ ತೊಡಕುಗಳೂ ಇವೆ. ‘ಸರ್‌ನೇಮ್’ ಕಡ್ಡಾಯವೆಂದರೆ, ಹೆಸರಿನ ಹಿಂದೆ ಬರೀ ಇನಿಷಿಯಲ್ ಇರುವವರು ಏನು ತುಂಬಬೇಕು? ಎರಡು ಕಾಲಂಗಳ ರೆಸ್ಯೂಮೆಯನ್ನು ಕೆಲವು ಸಾಫ್ಟ್‌ವೇರ್‌ಗಳು ಅಡ್ಡಡ್ಡ ಓದಿ ಅನುಭವದ ವಿವರವನ್ನೇ ಕಲಸಿಬಿಡುತ್ತವೆ.

ಆದ್ದರಿಂದ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ನಿಮ್ಮಲ್ಲಿ ಚೆನ್ನಾಗಿ ದುಡಿಯುತ್ತಿರುವ 20 ಮಂದಿಯ ಒಪ್ಪಿಗೆ ಪಡೆದು, ಅವರು ಕೆಲಸಕ್ಕೆ ಸೇರುವಾಗ ಕೊಟ್ಟ ರೆಸ್ಯೂಮೆಗಳನ್ನು ಅದಕ್ಕೆ ಹಾಕಿ. ಯಾರನ್ನು ಬಿಟ್ಟಿತು ಎಂದು ನೋಡಿ. ಏಕೆ ಎಂದು ಮಾರುವವರನ್ನು ಕೇಳಿ. ಉತ್ತರವಿಲ್ಲದಿದ್ದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಆ ಸಾಫ್ಟ್‌ವೇರ್ ಬೇಡ. ಅದು ಕೈಬಿಡುವ ಒಳ್ಳೆಯ ಕೆಲಸಗಾರರ ಲೆಕ್ಕ ಯಾವ ಬಿಲ್‌ನಲ್ಲೂ ಬರುವುದಿಲ್ಲ.