ಮೂವತ್ತು ಕಂಪ್ಯೂಟರ್, ಒಂದೇ ಫೈಲ್

ಲಿನಕ್ಸ್ ಇನ್‌ಸ್ಟಾಲ್ ಮಾಡೋದು ಕಷ್ಟ ಅಲ್ಲ. ಅದನ್ನೇ ಮೂವತ್ತು ಕಂಪ್ಯೂಟರ್‌ಗಳಲ್ಲಿ ಒಂದೇ ಥರ ಮಾಡೋದು ಕಷ್ಟ. ಹತ್ತನೇ ಸಿಸ್ಟಮ್‌ಗೆ ಬರೋಷ್ಟರಲ್ಲಿ ಯಾವುದಕ್ಕೆ ಏನು ಹಾಕಿದ್ವಿ ಅಂತ ಯಾರಿಗೂ ನೆನಪಿರಲ್ಲ. ಅದಕ್ಕೇ ಹೇಳ್ತೀನಿ: ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಶಾಲೆಗಳಿಗೆ ನಾವು ಹೋಗಿ ಒಂದು ದಿನದ ಶ್ರಮದಾನ ಮಾಡಿ ಫೋಟೋ ಹಾಕೋದು ಬೇಡ. ಅವರ ಕೈಗೆ ಒಂದು ಇನ್‌ಸ್ಟಾಲ್ ಫೈಲ್ ಕೊಡೋಣ.

ಈಗ ಯಾಕೆ ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಕೇಳುತ್ತೆ. ಎಷ್ಟೋ ಹಳೇ ಮಷೀನ್‌ಗಳಲ್ಲಿ ಅದಿಲ್ಲ. ಚೆನ್ನಾಗಿ ಓಡೋ ಕಂಪ್ಯೂಟರ್ ಕೂಡ ಬಟ್ಟೆ ಹೊದ್ದು ಮೂಲೆ ಸೇರುತ್ತೆ.

ಡೆಬಿಯನ್‌ನಲ್ಲಿ ಇದಕ್ಕೆ ಪ್ರಿಸೀಡ್ ಅನ್ನೋ ವ್ಯವಸ್ಥೆ ಇದೆ. ಭಾಷೆ ಯಾವುದು, ಡಿಸ್ಕ್ ಹೇಗೆ ಭಾಗ ಮಾಡಬೇಕು, ಯಾವ ಪ್ಯಾಕೇಜ್ ಬೇಕು ಅಂತ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಮೊದಲೇ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡೋದು. ಉಬುಂಟುವಿನಲ್ಲಿ ಇದೇ ಕೆಲಸಕ್ಕೆ ಆಟೋಇನ್‌ಸ್ಟಾಲ್, ರೆಡ್ ಹ್ಯಾಟ್ ಕಡೆ ಕಿಕ್‌ಸ್ಟಾರ್ಟ್. ನೆಟ್ ನಿಧಾನವಾಗಿದ್ದರೆ ಒಂದು ಮಷೀನ್‌ನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿದರಾಯ್ತು. ಒಮ್ಮೆ ಇಳಿದ ಪ್ಯಾಕೇಜ್ ಉಳಿದವಕ್ಕೆಲ್ಲ ಅಲ್ಲಿಂದಲೇ ಹೋಗುತ್ತೆ.

ಪ್ಯಾಕೇಜ್ ಕಡಿಮೆ ಮಾಡೋದ್ರಲ್ಲಿ ಮಾತ್ರ ನಮ್ಮವರಿಗೆ ಒಂದು ಚಟ ಇದೆ: ಯಾರ ಸಿಸ್ಟಮ್ ಎಷ್ಟು ಕಡಿಮೆ ರ್‍ಯಾಮ್‌ನಲ್ಲಿ ಓಡುತ್ತೆ ಅನ್ನೋ ಪೈಪೋಟಿ. ಶಾಲೆಗೆ ಆ ಲೆಕ್ಕ ಬೇಡ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಬ್ರೌಸರ್, ಲಿಬ್ರೆಆಫೀಸ್, ಜಿಯೋಜೀಬ್ರ ಇರಲಿ. ಮೇಲ್ ಸರ್ವರ್, ಹತ್ತು ಆಟ, ಮೂರು ಮೀಡಿಯಾ ಪ್ಲೇಯರ್ ಹೋಗಲಿ. ಆದರೆ ಕನ್ನಡ ಫಾಂಟ್‌ಗಳು ಮತ್ತು ಐಬಸ್‌ನ ಎಂ17ಎನ್ ಪ್ಯಾಕೇಜನ್ನು ಯಾವ ಕಾರಣಕ್ಕೂ ತೆಗೆಯಬಾರದು. ಅದರಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಇದೆ, ನುಡಿ ಬಳಸಿದ ಮೇಷ್ಟ್ರಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಕೆಲವೇ ಎಂಬಿ ಉಳಿಸೋಕೆ ಹೋಗಿ ಮಗುವಿಗೆ ತನ್ನ ಹೆಸರನ್ನೇ ಕನ್ನಡದಲ್ಲಿ ಟೈಪ್ ಮಾಡಲು ಆಗದಂತೆ ಮಾಡಿದರೆ ಅದು ಉಳಿತಾಯ ಅಲ್ಲ.

"ಕಂಪನಿಗಳು ವಿಂಡೋಸ್ ಕೇಳ್ತಾವೆ, ಹಳ್ಳಿ ಮಕ್ಕಳಿಗೆ ಲಿನಕ್ಸ್ ಯಾಕೆ?" ಅಂತ ಕೇಳೋರಿದ್ದಾರೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಸುಲ್ತಾನ್ ಬತ್ತೇರಿ ಕಡೆ ಹೋಗಿ ನೋಡಿ. ಕೇರಳದ ಸರ್ಕಾರಿ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧಾರಿತ ತನ್ನದೇ ಲಿನಕ್ಸ್ ಕೊಟ್ಟಿದೆ. ಕಾಡಿನ ಆ ಕಡೆ ಆಗೋದು ಈ ಕಡೆ ಯಾಕಾಗಲ್ಲ?

"ಕೆಟ್ಟರೆ ಯಾರು ನೋಡ್ತಾರೆ?" ಅನ್ನೋದು ಮಾತ್ರ ನ್ಯಾಯವಾದ ಪ್ರಶ್ನೆ. ಕೈಯಿಂದ ಮಾಡಿದ ಕೆಲಸ ಸೀನಿಯರ್ ಜೊತೆಗೇ ಪಾಸ್ ಔಟ್ ಆಗಿಬಿಡುತ್ತೆ. ಫೈಲ್ ಉಳಿಯುತ್ತೆ. ಪ್ರತಿ ಸಾಲಿನ ಮೇಲೆ ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟರೆ ಶಾಲೆಯ ಟೀಚರೇ ಪೆನ್‌ಡ್ರೈವ್ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು.

ಎಚ್ಚರಿಕೆಯೂ ಬೇಕು. ಡಿಸ್ಕ್ ಅಳಿಸೋಕೆ ಫೈಲ್‌ನಲ್ಲೇ ಒಪ್ಪಿಗೆ ಬರೆದಿದ್ದರೆ ಇನ್‌ಸ್ಟಾಲರ್ ಇನ್ನೊಮ್ಮೆ ಕೇಳಲ್ಲ; ಆ ಒಂದು ಪ್ರಶ್ನೆಯನ್ನು ಬೇಕಂತಲೇ ಬಿಡೋಣ. ಪಾಸ್‌ವರ್ಡನ್ನು ಹಾಗೇ ಬರೆಯದೆ ಹ್ಯಾಷ್ ಹಾಕೋಣ. 32 ಬಿಟ್ ಮಷೀನ್ ಸಿಕ್ಕರೆ ಡೆಬಿಯನ್ 12 ಬಳಸೋಣ, 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ.

ಈ ಸೆಮಿಸ್ಟರ್ ರಜೆಯಲ್ಲಿ ನಾಲ್ಕು ಜನ ಸೇರಿದರೆ ವರ್ಚುವಲ್‌ಬಾಕ್ಸ್‌ನಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಪ್ಯಾಕೇಜ್ ಪಟ್ಟಿಯನ್ನು ಮಾತ್ರ ಹಾಸ್ಟೆಲ್ ರೂಮಿನಲ್ಲಿ ಕೂತು ಬರೆಯೋದು ಬೇಡ. ಮೊದಲು ಒಂದು ಶಾಲೆಗೆ ಹೋಗಿ, ಏನು ಬೇಕು ಅಂತ ಟೀಚರನ್ನೂ ಮಕ್ಕಳನ್ನೂ ಕೇಳೋಣ.