ಪುರಾವೆ ಇಲ್ಲ ಎಂಬ ಜಾಣತನ

2025ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಾಜ್ಯಸಭೆಯ ಮುಂದೆ ಒಂದು ಲೆಕ್ಕ ಇಟ್ಟಿತು. 2022ರಿಂದ 2024ರವರೆಗಿನ ಮೂರು ವರ್ಷಗಳಲ್ಲಿ ದಿಲ್ಲಿಯ ಆರು ಆಸ್ಪತ್ರೆಗಳಲ್ಲಿ ಕಂಡುಬಂದ ತೀವ್ರ ಉಸಿರಾಟದ ತೊಂದರೆಯ ಪ್ರಕರಣಗಳು ಎರಡು ಲಕ್ಷಕ್ಕೂ ಹೆಚ್ಚು. ಅವರಲ್ಲಿ 30 ಸಾವಿರಕ್ಕೂ ಮಿಕ್ಕಿ ಜನರನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳಬೇಕಾಯಿತು. ಅದೇ ತಿಂಗಳು, ಅದೇ ಸದನದಲ್ಲಿ, ಕೆಟ್ಟ ಗಾಳಿಗೂ ಶ್ವಾಸಕೋಶದ ಕಾಯಿಲೆಗೂ ನೇರ ಸಂಬಂಧವಿದೆ ಎನ್ನಲು ಖಚಿತ ಪುರಾವೆ ಇಲ್ಲ ಎಂದೂ ಸರಕಾರವೇ ಹೇಳಿತು. ಆಹಾರ, ವೃತ್ತಿ, ಬಡತನ, ವಂಶಪಾರಂಪರ್ಯ ಎಲ್ಲವೂ ಸೇರಿ ರೋಗ ಬರುತ್ತದೆ ಎಂಬುದು ಅದರ ಮಾಮೂಲು ಉತ್ತರ. 2019ರ ನವೆಂಬರಿನಲ್ಲಂತೂ ಆಗಿನ ಆರೋಗ್ಯ ಸಚಿವರು ಜನರಿಗೆ ಕ್ಯಾರೆಟ್ ತಿನ್ನಲು ಹೇಳಿದ್ದರು!

ಪುರಾವೆ ಬೇಕೇ? ಅಮೆರಿಕದ ಯೂಟಾ ಕಣಿವೆಯಲ್ಲಿ ಒಂದು ಉಕ್ಕಿನ ಕಾರ್ಖಾನೆಯಿತ್ತು. ಕಾರ್ಮಿಕ ವಿವಾದದಿಂದಾಗಿ 1986ರ ಆಗಸ್ಟಿನಿಂದ ಸುಮಾರು 13 ತಿಂಗಳು ಅದು ಮುಚ್ಚಿತ್ತು. ಆರ್ಡನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಆಸ್ತಮಾ, ಬ್ರಾಂಕೈಟಿಸ್‌ಗಳಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿತ್ತು. ಆ ಒಂದು ವರ್ಷ ಮಕ್ಕಳ ಊಟ ಬದಲಾಗಿರಲಿಲ್ಲ, ವಂಶ ಬದಲಾಗಿರಲಿಲ್ಲ. ಬದಲಾದದ್ದು ಗಾಳಿ. ಇದು ಪ್ರಕಟವಾದದ್ದು 1989ರಲ್ಲಿ.

ವೃತ್ತಿ, ಬಡತನ ಕಾರಣವೆಂಬ ಮಾತೇನೋ ನಿಜ. ಆದರೆ ಅದು ಸರಕಾರದ ಮೇಲಿನ ಆರೋಪವೇ ಹೊರತು ಸಮಜಾಯಿಷಿಯಲ್ಲ. ದಿನವಿಡೀ ಆಟೋ ಓಡಿಸುವವನು, ರಸ್ತೆ ಬದಿ ಪಂಕ್ಚರ್ ಹಾಕುವವನು, ಗುಜರಿ ಆಯುವ ಹೆಂಗಸು, ಕಸ ಗುಡಿಸುವ ಪೌರಕಾರ್ಮಿಕರು ಉಸಿರಾಡುವ ಹೊಗೆಯನ್ನು ಕಾರಿನ ಗಾಜು ಏರಿಸಿ ಎಸಿ ಹಾಕಿಕೊಂಡವರು ಅಷ್ಟಾಗಿ ಉಸಿರಾಡುವುದಿಲ್ಲ. ಟಿವಿಯವರಿಗೆ ಮಾತ್ರ ಮಾಲಿನ್ಯವೆಂದರೆ ದೀಪಾವಳಿ ಪಟಾಕಿಯ ಜಗಳ. (ನಮ್ಮ ಮದುವೆ ಮೆರವಣಿಗೆಗಳಲ್ಲಿ ಸುಡುವ ಪಟಾಕಿಗೇನು ಪರಿಮಳವಿದೆಯೇ? ದಾರಿಯ ಮುಳ್ಳು ತೆಗೆಯುವುದೂ ಈಮಾನಿನ ಭಾಗವೆಂದು ಮದ್ರಸದಲ್ಲಿ ಕಲಿತವರಲ್ಲವೇ ನಾವು?)

ಆಸ್ಪತ್ರೆಯ ಚೀಟಿಯಲ್ಲಿ ನ್ಯುಮೋನಿಯಾ, ಹೃದಯಾಘಾತ ಎಂದು ಬರೆಯುತ್ತಾರೆ. ಗಾಳಿ ಎಂದು ಯಾರೂ ಬರೆಯುವುದಿಲ್ಲ. ಲಂಡನ್ನಿನ ಒಂಬತ್ತು ವರ್ಷದ ಬಾಲಕಿ ಎಲಾ ಕಿಸ್ಸಿ-ಡೆಬ್ರಾ ಸುಮಾರು 30 ಬಾರಿ ಆಸ್ಪತ್ರೆ ಸೇರಿ 2013ರಲ್ಲಿ ತೀರಿಕೊಂಡಳು. ತಾಯಿ ಪಟ್ಟುಬಿಡದೆ ಹೋರಾಡಿದ್ದರಿಂದ, 2020ರಲ್ಲಿ ಆಕೆಯ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವೂ ದಾಖಲಾಯಿತು. ನಮ್ಮಲ್ಲಿ ಅಂಥ ಎಷ್ಟು ತಾಯಂದಿರಿಗೆ ವಕೀಲರನ್ನಿಡುವ ಶಕ್ತಿಯಿದೆ?

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯಲ್ಲಿ ನಮ್ಮ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳೂ ಸೇರಿದವು. ಯೋಜನೆಯ ಹಣದಲ್ಲಿ ದೇಶದಾದ್ಯಂತ ಶೇ. 64ರಷ್ಟು ರಸ್ತೆ ಧೂಳಿಗೇ ಖರ್ಚಾಯಿತೆಂದು ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿತು. ರಕ್ತಕ್ಕೇ ಇಳಿಯುವ ಸೂಕ್ಷ್ಮ ಕಣಗಳು ಹುಟ್ಟುವುದು ಹೆಚ್ಚಾಗಿ ವಾಹನ, ಕಾರ್ಖಾನೆ, ಸುಡುವ ಕಸದಿಂದ. ಅವುಗಳ ಮಾಲೀಕರನ್ನು ಕೆಣಕುವುದಕ್ಕಿಂತ ರಸ್ತೆಗೆ ನೀರು ಚಿಮುಕಿಸುವುದು ಸುಲಭ.

ಗಾಳಿ ಅಳೆಯುವ ಯಂತ್ರ ಮಾಲಿನ್ಯ ಮಂಡಳಿಯ ಬಳಿ ಇದೆ. ರೋಗಿಗಳ ರಿಜಿಸ್ಟರ್ ಜಿಲ್ಲಾಸ್ಪತ್ರೆಯಲ್ಲಿದೆ. ಎರಡನ್ನೂ ದಿನವಹಿ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಲು ಹೊಸ ಕಟ್ಟಡವೂ ಬೇಡ, ವಿದೇಶಿ ಸಾಲವೂ ಬೇಡ. ಈ ನಾಲ್ಕು ನಗರಗಳಿಂದಲೇ ರಾಜ್ಯ ಸರಕಾರ ಆ ಕೆಲಸ ಶುರು ಮಾಡಲಿ.